ನೋಡಿದವರ ಸಹಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು. ಒಂದು ಗಾಜಿನ ಲೋಟ ತೊಳೆಯದೆ ಸಿಂಕಿನಲ್ಲಿ ಬಿಟ್ಟವರನ್ನು ನಾನು ಸುಮ್ಮನೆ ಬಿಟ್ಟಿದ್ದಿಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಗಾಜಿನ ಸಾಮಾನು ತೊಳೆಯುವುದು, ಸಾಕಿದ ಜೀವಿಗಳಿಗೆ ಉಪ್ಪುನೀರು ಹದ ಮಾಡುವುದು, ವಾರಕ್ಕೊಮ್ಮೆ ಹಳೆಯ ಫ್ಲಾಸ್ಕಿನಿಂದ ಹೊಸದಕ್ಕೆ ಒಂದು ಚಮಚದಷ್ಟು ದಾಟಿಸುವುದು ನನ್ನ ಕೆಲಸ. ಏನು ಮಾಡಿದರೂ ದಪ್ಪ ರಿಜಿಸ್ಟರಿನಲ್ಲಿ ಬರೆಯಬೇಕು. ಸಾಲಿನ ಕೊನೆಗೆ ಎರಡು ಖಾನೆ: ಮಾಡಿದವರು, ನೋಡಿದವರು. ಮೊದಲನೆಯದರಲ್ಲಿ ನನ್ನ ಸಹಿ, ಎರಡನೆಯದರಲ್ಲಿ ಡಿಗ್ರಿ ಓದಿದವರ ಸಹಿ. ಅದನ್ನು ಯಾರೂ ನಿಯಮ ಮಾಡಿರಲಿಲ್ಲ, ಹಾಗೇ ನಡೆದುಬಂದಿತ್ತು.

ನಾವು ಸಾಕುವುದು ಬಾಲವಿರುವ ಒಂಟಿ ಜೀವಕೋಶಗಳನ್ನು. ಪ್ರಾಣಿಗಳಿಗೆಲ್ಲ ಅವು ಹಳೆಯ ದಾಯಾದಿಗಳಂತೆ. ಸಾಮಾನ್ಯವಾಗಿ ಒಂದು ಎರಡಾಗಿ ತಮ್ಮ ಪಾಡಿಗೆ ಈಜಿಹೋಗುತ್ತವೆ. ಕೆಲವೊಮ್ಮೆ ಮಾತ್ರ ಯಾವುದೋ ಸೂಚನೆ ಸಿಕ್ಕಿ, ಬಿಟ್ಟುಹೋಗದೆ ಅಂಟಿಕೊಂಡು ಗುಂಪಾಗುತ್ತವೆ. ಆ ಸೂಚನೆ ಎಲ್ಲಿಂದ ಬರುತ್ತದೆ ಎಂದು ತಿಳಿದರೆ, ನಮ್ಮ ಮೈಯೊಳಗಿನ ಕೋಶಗಳು ಒಂದಕ್ಕೊಂದು ಮಾತಾಡಲು ಕಲಿತ ಬಗೆ ಸ್ವಲ್ಪವಾದರೂ ತಿಳಿದೀತು. ಅದಕ್ಕಾಗಿ ನಮ್ಮ ಹುಡುಗಿ ಐದು ವರ್ಷ ಸವೆಸಿದ್ದಳು. ಹುಡುಗಿ ಎಂದರೆ ಸಂಶೋಧನಾ ವಿದ್ಯಾರ್ಥಿನಿ. ವಯಸ್ಸು ಮೂವತ್ತಾದರೂ ನನಗೆ ಹುಡುಗಿಯೇ.

ಒಂದು ಬೆಳಿಗ್ಗೆ ಅವಳು ನಲ್ಲಿ ಬಿಟ್ಟುಕೊಂಡು ಮುಖ ತೊಳೆಯುತ್ತಲೇ ಇದ್ದಳು.

"ನೀರು ಪುಕ್ಕಟೆ ಬರುತ್ತಾ? ನಿಲ್ಲಿಸು," ಎಂದೆ. ತಿರುಗಿದಾಗ ಕಣ್ಣು ಕೆಂಪಾಗಿತ್ತು.

"ಐದು ತಿಂಗಳಾಯ್ತು ಅಕ್ಕ, ಒಂದೂ ಗುಂಪು ಕಟ್ತಿಲ್ಲ. ಚೆನ್ನಾಗಿ ತಿಂತಾವೆ, ಈಜ್ತಾವೆ, ಎಲ್ಲಾ ಒಂಟಿ ಒಂಟಿ. ತಿಂಗಳ ಕೊನೆಯೊಳಗೆ ಆಗ್ಲಿಲ್ಲ ಅಂದ್ರೆ ಈ ವಿಷಯ ಬಿಟ್ಟು ಬೇರೆ ತಗೋ ಅಂದಿದಾರೆ ಪ್ರೊಫೆಸರು. ನಾನೇ ಎಲ್ಲೋ ಕೆಡಿಸಿದೀನಿ."

ಐದು ತಿಂಗಳು ಎಂದಾಗ ನಾನೇ ಕೈಚಾಚಿ ನಲ್ಲಿ ನಿಲ್ಲಿಸಿದೆ.

ಐದು ತಿಂಗಳ ಹಿಂದೆ ಅವಳು ತಂಗಿಯ ಬಾಣಂತನಕ್ಕೆಂದು ಊರಿಗೆ ಹೋಗಿದ್ದಳು. ಒಂದು ದಿನ, ಉಳಿದೆಲ್ಲಕ್ಕೂ ಬೀಜದಂತಿದ್ದ ಮೂಲ ಫ್ಲಾಸ್ಕಿನ ನೀರು ಮಬ್ಬಾಗಿ, ಕೆಟ್ಟ ವಾಸನೆ ಹೊಡೆಯುತ್ತಿತ್ತು. ನನ್ನ ಕೈಯಲ್ಲಿ ಹಾಗಾಯಿತಲ್ಲ ಎಂಬ ನಾಚಿಕೆಗೆ, ಬ್ಯಾಕ್ಟೀರಿಯಾ ಸಾಯಿಸುವ ಔಷಧ ಮೂರು ದಿನ ಹಾಕಿ, ಆಮೇಲೆ ನಮ್ಮ ಜೀವಿಗಳಿಗೆ ತಿನ್ನಲು ಬೇಕಾದ ಒಂದೇ ಜಾತಿಯ ಬ್ಯಾಕ್ಟೀರಿಯಾವನ್ನು ವಾಪಸ್ ಬಿಟ್ಟೆ. ನೀರು ಕನ್ನಡಿಯಂತಾಯಿತು. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ನೋಡಿದವರೂ ಯಾರೂ ಇರಲಿಲ್ಲ.

ಆ ದಿನ ರಾತ್ರಿ ಊಟಕ್ಕೆ ಕುಳಿತಾಗ ನನ್ನ ಯಜಮಾನರಿಗೆ ಹೇಳಿದೆ. ಅವರು ದರ್ಜಿ, ಈಗ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದಾರೆ.

"ನೀನು ತೊಳೆದು ತೊಳೆದು ಈ ಮನೇಲಿ ತಟ್ಟೆ ಎಲ್ಲಾ ಸವೆದಿವೆ. ಸವೆಯದೆ ಉಳಿದಿರೋದು ನಾನೊಬ್ಬನೇ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಒಂದು ಕೋಟಿನ ತೋಳು ತಪ್ಪು ಕತ್ತರಿಸಿ, ಹೇಳದೆ ಹೊಲಿದು ಕೊಟ್ಟಿದ್ದೆ. ಅವನು ತೋಳು ಎಳ್ಕೊಳ್ತಾ ತನ್ನ ಮೈಯೇ ಸರಿ ಇಲ್ಲ ಅಂತ ಅಂದ್ಕೊಂಡು ಹೋದ. ಅದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ ಕಣೇ."

ನನ್ನ ಕೆಲಸ ವರ್ಷವರ್ಷಕ್ಕೆ ಮುಂದುವರಿಸುವಂಥದ್ದು. ಅದು ಹೋದರೂ ಹೋಗಬಹುದು. ಆದರೆ ನಿಜ ಹೇಳಬೇಕೆಂದರೆ, ಅದಕ್ಕಿಂತ ಹೆಚ್ಚಾಗಿ ಆ ಹುಡುಗಿಯ ಮುಂದೆ ಸಣ್ಣವಳಾಗಲು ನನಗೆ ಹೆದರಿಕೆಯಿತ್ತು.

ಮರುದಿನ ಅವಳ ಟೇಬಲಿನ ಪಕ್ಕ ನಿಂತು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಯಾವ ತಾರೀಕು?" ಎಂದಳು. ಅಕ್ಕ ಎನ್ನಲಿಲ್ಲ.

ತಾರೀಕು ನನಗೆ ಬಾಯಿಪಾಠವಿತ್ತು. ಅವಳು ಫ್ರೀಜರಿನಿಂದ ಅದಕ್ಕೂ ಹಿಂದಿನ ತಿಂಗಳು ಮಾದರಿಗೆಂದು ತೆಗೆದಿಟ್ಟಿದ್ದ ಟ್ಯೂಬು ತೆಗೆದಳು. ಅದರಲ್ಲಿದ್ದ ಹಳೆಯ ಬ್ಯಾಕ್ಟೀರಿಯಾಗಳನ್ನು ಜಾತಿಜಾತಿಯಾಗಿ ಬೆಳೆಸಿ, ಒಂದೊಂದನ್ನೇ, ಗುಂಪು ಕಟ್ಟದ ನಮ್ಮ ಜೀವಿಗಳಿದ್ದ ಒಂದೊಂದು ಫ್ಲಾಸ್ಕಿಗೆ ಬಿಟ್ಟಳು. ಎರಡು ವಾರ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ತಪ್ಪು ನನ್ನದು ಎಂದು ಪ್ರೊಫೆಸರಿಗೆ ನಾನೇ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ನೋಡೋಣ" ಎಂದರು. ನಾನು ಬಂದು ತೊಳೆದ ಗಾಜನ್ನೇ ಮತ್ತೆ ತೊಳೆದೆ.

ತಿಂಗಳು ಮುಗಿಯಲು ಮೂರು ದಿನವಿತ್ತು.

"ಅಕ್ಕ, ಬನ್ನಿ ಇಲ್ಲಿ," ಎಂದು ಕರೆದಳು. ಆ ಒಂದು ಪದಕ್ಕೆ ನನ್ನ ಕೈಯ ಬ್ರಷ್ಷು ಸಿಂಕಿಗೆ ಬಿತ್ತು.

ಮೈಕ್ರೋಸ್ಕೋಪಿನ ಮುಂದಿದ್ದ ಸ್ಟೂಲು ನನ್ನತ್ತ ಎಳೆದಳು. ಇಪ್ಪತ್ತೆರಡು ವರ್ಷ ಇವುಗಳಿಗೆ ಉಣ್ಣಿಸಿದ ನಾನು ಒಮ್ಮೆಯೂ ಇವುಗಳ ಮುಖ ನೋಡಿರಲಿಲ್ಲ. ಯಾರೂ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

"ಏನೂ ಕಾಣ್ತಿಲ್ಲ, ಎಲ್ಲಾ ಮಬ್ಬು."

"ಲೆನ್ಸ್ ಸರಿಯಾಗೇ ಇದೆ. ಕಣ್ಣು ಒರೆಸ್ಕೊಳ್ಳಿ."

ಒರೆಸಿಕೊಂಡು ನೋಡಿದೆ. ಎಂಟು ಹತ್ತು ಕೋಶಗಳು ಬಾಲ ಹೊರಗೆ ಮಾಡಿ, ಒಂದಕ್ಕೊಂದು ಬೆನ್ನುಕೊಟ್ಟು ಉರುಳುತ್ತಿದ್ದವು.

"ಇವಕ್ಕೆ ಸೂಚನೆ ಕೊಡ್ತಿದ್ದದ್ದು ನೀವು ಔಷಧ ಹಾಕಿ ಸಾಯಿಸಿದ್ದರಲ್ಲಿ ಒಂದು ಜಾತಿ ಬ್ಯಾಕ್ಟೀರಿಯಾ. ನಾನು ಐದು ವರ್ಷ ಕೋಶದೊಳಗೇ ಹುಡುಕ್ತಿದ್ದೆ," ಎಂದಳು. "ನಿಮ್ಮ ಮೇಲೆ ಕೋಪ ಇನ್ನೂ ಪೂರ್ತಿ ಹೋಗಿಲ್ಲ."

"ಹೋಗೋದು ಬೇಡ," ಎಂದೆ.

ರಿಜಿಸ್ಟರು ತೆರೆದು ನನ್ನ ಮುಂದಿಟ್ಟಳು. ಮೊದಲು ಐದು ತಿಂಗಳ ಹಿಂದಿನ ಬರೆಯದ ಸಾಲನ್ನು, ತಡವಾಗಿ ಬರೆದದ್ದು ಎಂದು ಸೇರಿಸಿ, ನನ್ನಿಂದಲೇ ಬರೆಸಿದಳು. ಆಮೇಲೆ ಇವತ್ತಿನ ಪುಟ ತಿರುಗಿಸಿ, "ಗುಂಪು ಕಟ್ಟಿವೆ" ಎಂದು ತಾನೇ ಬರೆದು, ಮಾಡಿದವರು ಎಂಬಲ್ಲಿ ಸಹಿ ಹಾಕಿದಳು. ಪೆನ್ನು ನನ್ನ ಕೈಗೆ ಕೊಟ್ಟು ಎರಡನೆಯ ಖಾನೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ನಾನು ಹಾಕೋ ಹಾಗಿಲ್ಲ," ಎಂದೆ.

"ನೋಡಿದ್ದು ನೀವೇ ಅಲ್ವಾ ಅಕ್ಕ?"

ನನ್ನ ಕೈ ಇನ್ನೂ ಒದ್ದೆಯಿತ್ತು. ಸೆರಗಿಗೆ ಒರೆಸಿಕೊಂಡು, ನಿಧಾನವಾಗಿ, ಪೂರ್ತಿ ಹೆಸರು ಬರೆದೆ.