ಬೆಡ್‌ರೂಮ್ ನಾಲ್ಕು – ಪುಟ್ಟಿ

ಸಂಪತ್‌ಗೆ ಒಂದು ಚಾಳಿ ಇತ್ತು. ಏನಾದರೂ ಕೆಟ್ಟಿತು ಅಂದರೆ ರಿಪೇರಿಯ ಗೋಜಿಗೇ ಹೋಗುತ್ತಿರಲಿಲ್ಲ, ಅಳಿಸಿಬಿಡೋದು. ಐರ್ಲೆಂಡಿನ ಸಿಟಿವೆಸ್ಟ್ ಅನ್ನೋ ಕಡೆ ಆಫೀಸಿನಲ್ಲಿ ಹದಿನಾಲ್ಕು ವರ್ಷ ಕೋಡು ಬರೆದು ಬರೆದು ಅಂಟಿಸಿಕೊಂಡ ರೋಗ ಅದು. ಯಾವ ಸಾಲು ತೊಂದರೆ ಕೊಡುತ್ತೋ ಆ ಸಾಲನ್ನ ಕಿತ್ತುಹಾಕು, ಪ್ರೋಗ್ರಾಮು ಓಡುತ್ತೆ. ಆಫೀಸಿನಲ್ಲಿ ಅದಕ್ಕೆ ಶಭಾಷ್‌ಗಿರಿಯೂ ಸಿಗುತ್ತೆ, ಇಲ್ಲ ಅನ್ನಲ್ಲ. ಅದೇ ಬುದ್ಧಿಯನ್ನ ಮನೆಗೆ ತಂದು ಅವನು ಮಾಡಿಕೊಂಡ ಎಡವಟ್ಟಿನ ಕತೆ ಇದು.

ಮನೆ ಡ್ರೋಹೆಡಾ ಅನ್ನೋ ಊರಿನಲ್ಲಿ. ಕೆಳಗೆ ಹಾಲು, ಅಡುಗೆಮನೆ. ಮೇಲೆ ಎರಡು ಬೆಡ್‌ರೂಮು. ಸಂಪತ್, ಅವನ ಹೆಂಡತಿ ಮಧುಶ್ರೀ, ಎಂಟು ವರ್ಷದ ಮಗಳು ಅನನ್ಯಾ, ಮೂರು ಜನಕ್ಕೆ ಧಾರಾಳವಾಗಿತ್ತು. ಅನನ್ಯಾ ಆದಮೇಲೆ ಇನ್ನೊಂದಕ್ಕೆ ಕಾದು ಕಾದು ಸಾಕಾಗಿ, ನಮ್ಮ ಹಣೇಲಿ ಒಂದೇ ಅಂತ ಕೈಬಿಟ್ಟಿದ್ದ ಹೊತ್ತಿಗೆ, ಫೆಬ್ರವರಿ ಕೊನೆಯಲ್ಲಿ ಮಧುಶ್ರೀ ಬಸುರಿ ಅಂತ ಗೊತ್ತಾಯಿತು. ಬಾಣಂತನಕ್ಕೆ ಮೈಸೂರಿನಿಂದ ಅವಳ ಅಮ್ಮ ಶಾಂತಾ ಬರಬೇಕು. ಬಂದ ಮೇಲೆ ಮುಂದೆಯೂ ವರ್ಷ ವರ್ಷ ಬಂದುಹೋಗೋರೇ. ಹಿತ್ತಲ ಕಡೆ ಎರಡು ಅಂತಸ್ತು ಎಬ್ಬಿಸಿ, ಮಗುವಿಗೊಂದು, ಶಾಂತಮ್ಮನಿಗೊಂದು, ಇನ್ನೆರಡು ಬೆಡ್‌ರೂಮು ಹಾಕಿಸೋಣ ಅಂತ ಗಂಡ ಹೆಂಡತಿ ತೀರ್ಮಾನ ಮಾಡಿದರು.

ಪ್ಲಾನ್ ಬರೆಯೋಕೆ ಬಂದವಳು ಫಿನೋಲಾ ಅಂತ, ಊರಿನದೇ ಆರ್ಕಿಟೆಕ್ಟು. ಐವತ್ತು ದಾಟಿದ ಹೆಂಗಸು, ಮಾತಿಗೊಂದು 'ಗ್ರ್ಯಾಂಡ್', ಅಂದರೆ ಸರಿ, ಚೆನ್ನಾಯ್ತು ಅಂತ. ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡು, ಪೆನ್ಸಿಲ್ಲಿನಿಂದ ಒಂದೊಂದು ಚೌಕ ಎಳೆದು, "ಈ ಕೆಳಗಿನ ರೂಮು ಯಾರಿಗೆ?" ಅಂತ ಕೇಳಿದಳು.

"ನಮ್ಮಮ್ಮಂಗೆ," ಅಂದಳು ಮಧುಶ್ರೀ.

"ಮೇಲಿಂದು?"

ಮಧುಶ್ರೀ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಅದು ಪುಟ್ಟಿ."

ಹೆಣ್ಣೇ ಅಂತ ಅವಳೇ ಮೊದಲ ದಿನದಿಂದ ಠರಾಯಿಸಿಬಿಟ್ಟಿದ್ದಳು. ಫಿನೋಲಾ "ಗ್ರ್ಯಾಂಡ್" ಅಂದು ಏನೋ ಗೀಚಿಕೊಂಡಳು.

ಎರಡು ವಾರಕ್ಕೆ ಡ್ರಾಯಿಂಗ್ ಬಂತು. ದೊಡ್ಡ ಹಾಳೆ, ನೀಟಾದ ಗೆರೆಗಳು. ಮೇಲಿನ ಹೊಸ ರೂಮಿನ ನಟ್ಟನಡುವೆ ಇಂಗ್ಲಿಷಿನಲ್ಲಿ 'ಬೆಡ್‌ರೂಮ್ 4 – ಪುಟ್ಟಿ' ಅಂತ ಅಚ್ಚಾಗಿತ್ತು. ಸಂಪತ್ ಕಣ್ಣರಳಿಸಿಕೊಂಡು ಫಿನೋಲಾಗೆ ಫೋನ್ ಮಾಡಿದ. ಆಮೇಲೆ ಗೊತ್ತಾಯಿತು ನೋಡಿ ಮಜಾ. ಡ್ರೋಹೆಡಾದವರ ಬಾಯಲ್ಲಿ 'ಬಸ್' ಅನ್ನೋದು 'ಬುಸ್' ಆಗುತ್ತೆ, ಹಂಗೇ ಗೋಡೆಗೆ ಬಳಿಯೋ 'ಪಟ್ಟಿ' ಕೂಡ ಅಪ್ಪಟ ನಮ್ಮ ಪುಟ್ಟಿಯೇ ಆಗುತ್ತೆ. ಬೂದಿಗೂ ಕೆನೆಗೂ ನಡುವಿನ ಒಂದು ಬಣ್ಣಕ್ಕೆ ಪೇಂಟಿನ ಅಂಗಡಿಯಲ್ಲಿ ಅದೇ ಹೆಸರಂತೆ. ಈಯಮ್ಮ ಗೋಡೆ ಬಣ್ಣ ಹೇಳ್ತಿದಾಳೆ ಅಂತ ತಿಳಿದು ಫಿನೋಲಾ ಭದ್ರವಾಗಿ ಬರೆದುಕೊಂಡಿದ್ದಳು.

ಅವತ್ತು ಆ ಮನೆಯಲ್ಲಿ ನಕ್ಕಿದ್ದೇ ನಕ್ಕಿದ್ದು. ಮಧುಶ್ರೀಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅನನ್ಯಾ ಎರಡೂ ಪುಟ್ಟಿಗಳನ್ನ ತೂಗಿ ನೋಡಿ, ಐರಿಶ್ ರಾಗದಲ್ಲಿ, "ಇಟ್ಸ್ ಅ ಕೈಂಡ್ ಆಫ್ ಗ್ರೇ, ಮ್ಯಾಮ್. ಇಟ್ಸ್ ರಾಟನ್," ಬೂದಿ ಬಣ್ಣ ಅಮ್ಮ, ಅಸಹ್ಯವಾಗಿದೆ ಅಂತ ಮೂಗು ಮುರಿದಳು. ತಿದ್ದಿ ಕಳಿಸಲಾ ಅಂತ ಫಿನೋಲಾ ಕೇಳಿದ್ದಕ್ಕೆ ಮಧುಶ್ರೀ ಬೇಡವೇ ಬೇಡ ಅಂದಳು. ಒಂದು ಪ್ರತಿ ಫ್ರಿಜ್ ಮೇಲೆ ಅಂಟಿತು.

ವೀಡಿಯೋ ಕಾಲಿನಲ್ಲಿ ಇದನ್ನ ಕೇಳಿ ಶಾಂತಮ್ಮ ಮಾತ್ರ ನಗಲಿಲ್ಲ. "ಅಯ್ಯೋ, ಏನೇ ಇದು? ಹುಟ್ಟೋಕ್ ಮುಂಚೆ ನಾವು ಒಂದು ಬಟ್ಟೆ ಚೂರೂ ತಂದಿಡಲ್ಲ. ನೀವು ರೂಮೇ ಬರೆಸಿದೀರಿ, ಅದಕ್ಕೆ ಹೆಸರು ಬೇರೆ!"

"ಹೆಸರಲ್ಲಮ್ಮ, ಅದು ಬಣ್ಣ," ಅಂದ ಸಂಪತ್, ಕಣ್ಣು ಮಿಟುಕಿಸಿ.

ಮೇ ತಿಂಗಳಲ್ಲಿ ಕೌನ್ಸಿಲ್ಲಿಗೆ, ಅಂದರೆ ಅಲ್ಲಿನ ನಗರಸಭೆಗೆ, ಡ್ರಾಯಿಂಗ್ ಸಮೇತ ಅರ್ಜಿ ಹೋಯಿತು. ಹೀಗೆ ಇಂಥವರು ಹಿಂದೆ ಎರಡು ಬೆಡ್‌ರೂಮು ಕಟ್ಟಿಸ್ತಾರೆ, ತಕರಾರಿದ್ದವರು ಹೇಳಿ ಅಂತ ಗೇಟಿಗೆ ಬಿಳೀ ನೋಟೀಸು ಅಂಟಿಸಬೇಕು, ಅಲ್ಲಿನ ಕಾನೂನು. ಅಂಟಿಸಿದರು. ಜೂನ್ ತಿಂಗಳಲ್ಲಿ ಸ್ಕ್ಯಾನ್ ಮಾಡಿದ ಹುಡುಗಿ ಇವರು ಕೇಳದೇನೇ "ಹೆಣ್ಣು ಮಗು" ಅಂದುಬಿಟ್ಟಳು. ನಮ್ಮ ಕಡೆ ಹೇಳಂಗಿಲ್ಲ, ಕೇಳಂಗಿಲ್ಲ, ಅಲ್ಲಿ ಹಂಗೆ. ಮಧುಶ್ರೀ "ನಾನು ಹೇಳ್ಲಿಲ್ವಾ?" ಅಂತ ಗಂಡನ ತೋಳು ಚಿವುಟಿದಳು.

ಆಮೇಲೆ ಒಂದು ವಾರ, ಅಷ್ಟೇ.

ಬೆಳಿಗ್ಗೆ ಸೊಂಟ ಹಿಡಿದುಕೊಂಡಿತು ಅಂದಳು. ಮಧ್ಯಾಹ್ನ ಆಸ್ಪತ್ರೆ. ಸಂಜೆಯೊಳಗೆ ಎಲ್ಲ ಮುಗಿದು ಹೋಯಿತು. ಯಾರ ತಪ್ಪೂ ಅಲ್ಲ, ಹೀಗಾಗುತ್ತೆ ಅಂದರು ಡಾಕ್ಟರು. ಇಪ್ಪತ್ತೊಂದು ವಾರದ ಮಗು. ಸಂಪತ್ ಅಂಗೈ ಮೇಲೆ ಮಲಗಿಸಿಕೊಂಡರೆ ಪಾದವಷ್ಟೇ ಸ್ವಲ್ಪ ಆಚೆ ಬರುತ್ತಿತ್ತು. ಉಗುರು ಕೂಡ ಮೂಡಿತ್ತು.

ನರ್ಸಮ್ಮ ಬಂಗಾರದಂಥ ಹೆಂಗಸು. ಯಾರೋ ಹೆಣೆದುಕೊಟ್ಟ ಪುಟಾಣಿ ಟೋಪಿ ಹಾಕಿದಳು, ಕಾರ್ಡಿನ ಮೇಲೆ ಪಾದದ ಅಚ್ಚು ತೆಗೆದಳು. ಆಮೇಲೆ ಪೆನ್ನು ಹಿಡಿದು, "ಹೆಸರೇನು ಬರೀಲಿ?" ಅಂತ ಮೆಲ್ಲಗೆ ಕೇಳಿದಳು.

ಮಧುಶ್ರೀ ಗೋಡೆ ಕಡೆ ತಿರುಗಿದ್ದಳು. ಸಂಪತ್ ತಾನೇ ಉತ್ತರ ಕೊಟ್ಟ. "ಇನ್ನೂ ಹೆಸರಿಟ್ಟಿಲ್ಲ." ಸುಳ್ಳೇನಲ್ಲ. ನಮ್ಮಲ್ಲಿ ಮಗು ಹುಟ್ಟಿ ಹನ್ನೊಂದು ದಿನಕ್ಕೋ ಹನ್ನೆರಡಕ್ಕೋ ನಾಮಕರಣ. ಅಲ್ಲೀವರೆಗೆ ಎಲ್ಲ ಹೆಣ್ಣುಮಕ್ಕಳೂ ಪುಟ್ಟಿಯರೇ. ಅದೊಂದು ಹೆಸರು ಅಂತ ಅವನಿಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ನರ್ಸಮ್ಮ 'ಬೇಬಿ ಆಫ್ ಮಧುಶ್ರೀ' ಅಂತ ಬರೆದಳು. ಇಷ್ಟು ವಾರಕ್ಕೆ ಹೋದ ಮಗುವನ್ನ ಸರ್ಕಾರದ ರಿಜಿಸ್ಟರಿಗೆ ಸೇರಿಸೋಕೆ ಬರಲ್ಲ, ಕ್ಷಮಿಸಿ ಅಂತ ಅವನ ಭುಜ ಮುಟ್ಟಿ ಹೇಳಿದಳು. ಅವನು ತಲೆಯಾಡಿಸಿದ.

ಹಸುಗೂಸನ್ನ ನಾವು ಸುಡೋದಿಲ್ಲ. ಊರಾಚೆ, ಇಂಥ ಮಕ್ಕಳಿಗೇ ಅಂತ ಬಿಟ್ಟ ಜಾಗದಲ್ಲಿ ಮಣ್ಣು ಮಾಡಿದರು. ಗುರುತಿಗೆ ನಂಬರಿನ ಒಂದು ಗೂಟ ನೆಟ್ಟರು.

ಮೂರನೇ ದಿನ ಮಧುಶ್ರೀಗೆ ಎದೆಹಾಲು ಬಂತು. ಅದಕ್ಕೇನು ಗೊತ್ತು ಪಾಪ, ಕುಡಿಯೋರು ಇಲ್ಲ ಅಂತ? ಅವಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದನ್ನ ಸಂಪತ್ ಬಾಗಿಲಾಚೆ ನಿಂತು ಕೇಳಿಸಿಕೊಂಡ. ಬಾಗಿಲು ತಟ್ಟೋ ಧೈರ್ಯ ಬರಲಿಲ್ಲ. ಇವನೂ ತಂದೆ ಅಲ್ವೇನ್ರಿ, ಇವನಿಗೂ ಕರುಳು ಅನ್ನೋದಿಲ್ವಾ? ಇತ್ತು. ಅಳೋಕೆ ಜಾಗ ಸಿಗದೆ ಕಾರಿನಲ್ಲಿ ಕೂತು ಅಳುತ್ತಿದ್ದ, ಆಫೀಸಿಗೆ ಹೋಗೋ ದಾರಿಯಲ್ಲಿ.

ಜುಲೈ ಮೊದಲ ವಾರ ಒಂದು ಸಂಜೆ ಅವನು ಕಾರಿಳಿಯುವಾಗ ಪಕ್ಕದ ಬೀದಿಯ ಮುದುಕಿಯೊಬ್ಬಳು ಗೇಟಿನ ನೋಟೀಸು ಓದುತ್ತಾ ನಿಂತಿದ್ದಳು. ಮಧುಶ್ರೀಯ ಬಸುರು ನೋಡಿದ್ದವಳಿಗೆ ಪಾಪ ಆಮೇಲಿಂದು ಏನೂ ಗೊತ್ತಿಲ್ಲ. "ಇನ್ನೆರಡು ರೂಮು! ಹೊಸ ಕೂಸಿಗೆ ಗ್ರ್ಯಾಂಡ್ ಆಗುತ್ತೆ ಬಿಡಪ್ಪ," ಅಂದಳು. ಸಂಪತ್ ತಲೆಯೆತ್ತಿ ನೋಡಿದರೆ ಮೇಲಿನ ಕಿಟಕಿಯಲ್ಲಿ ಮಧುಶ್ರೀ ನಿಂತಿದ್ದಳು. ಕಿಟಕಿ ತೆರೆದೇ ಇತ್ತು.

ಅಲ್ಲಿಗೆ ಅವನ ಚಾಳಿ ಎದ್ದು ಕೂತಿತು. ನೋಟೀಸು ಪರಪರ ಹರಿದ. ಅರ್ಜಿ ವಾಪಸ್ ತಗೊಳ್ಳಿ, ನಿಮ್ಮ ಹತ್ತಿರ ಇರೋ ಡ್ರಾಯಿಂಗಿನಿಂದ ಆ ಪದ ತೆಗೆದುಹಾಕಿ ಅಂತ ಫಿನೋಲಾಗೆ ಮೇಲ್ ಬರೆದ. ತನ್ನ ಲ್ಯಾಪ್‌ಟಾಪಿನಿಂದ ಫೈಲು, ಅದು ಬಂದಿದ್ದ ಮೇಲು ಎರಡೂ ಅಳಿಸಿದ. ಮಧುಶ್ರೀ ಸ್ನಾನಕ್ಕೆ ಹೋದಾಗ ಅವಳ ಫೋನಿನಿಂದಲೂ ಅಳಿಸಿದ. ಫ್ರಿಜ್ ಮೇಲಿದ್ದ ಹಾಳೆಯನ್ನ ಚೂರು ಚೂರು ಮಾಡಿ ರದ್ದಿ ಕಾಗದ ಹಾಕೋ ಹಸಿರು ಡಬ್ಬಿಗೆ ಹಾಕಿದ. ಇನ್ನು ಅವಳ ಕಣ್ಣಿಗೆ ಏನೂ ಬೀಳಲ್ಲ, ನಿಧಾನಕ್ಕೆ ಮರೀತಾಳೆ ಅಂತ ಅವನ ಲೆಕ್ಕ. ಒಳ್ಳೇದಕ್ಕೇ ಮಾಡಿದ ಕಣ್ರೀ, ಅದೇ ಸಂಕಟ.

ಮೂರು ವಾರ ಅವಳು ಏನೂ ಕೇಳಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಪಾತ್ರೆ ಒರೆಸುತ್ತಿದ್ದವಳು ಫ್ರಿಜ್ ಕಡೆ ನೋಡಿ, "ಆ ಡ್ರಾಯಿಂಗ್ ಎಲ್ಲಿಟ್ಟಿದೀಯಾ?" ಅಂದಳು.

"ತೆಗೆದೆ."

"ಅದು ಗೊತ್ತು. ಎಲ್ಲಿಟ್ಟಿದೀಯಾ?"

"ಇಲ್ಲ ಮಧು. ಎಲ್ಲಾ ಅಳಿಸ್ದೆ. ನಿನ್ನ ಕಣ್ಣಿಗೆ ಬೀಳ್ಬಾರ್ದು ಅಂತ."

ಅವಳು ಕೈಯಲ್ಲಿದ್ದ ಲೋಟ ಮೆಲ್ಲಗೆ ಕೆಳಗಿಟ್ಟಳು. ಫೋನ್ ತೆಗೆದು ಹುಡುಕಿದಳು. ಮೇಲೆ ಕೆಳಗೆ, ಮೇಲೆ ಕೆಳಗೆ. ಆಮೇಲೆ ಅಲ್ಲೇ ಅಡುಗೆಮನೆ ನೆಲದ ಮೇಲೆ ಕೂತುಬಿಟ್ಟಳು.

"ಆಸ್ಪತ್ರೆಯವರ ಕಾರ್ಡಲ್ಲಿ ನನ್ನ ಹೆಸರಿದೆ, ಅವಳದ್ದಿಲ್ಲ. ಮಣ್ಣಲ್ಲಿ ನಂಬರಿದೆ. ಸರ್ಕಾರದವರು ಸೇರಿಸ್ಕೊಳ್ಳಲ್ಲ ಅಂದ್ರು. ಇಡೀ ಭೂಮಿ ಮೇಲೆ ನನ್ನ ಮಗಳ ಹೆಸರು ಬರೆದಿದ್ದು ಒಂದೇ ಒಂದು ಕಾಗದದಲ್ಲಿ ಸಂಪತ್. ಅದೂ ಯಾರೋ ತಪ್ಪು ತಿಳ್ಕೊಂಡು ಬರೆದಿದ್ದು. ಅದೂ ಇರಬಾರದಾಗಿತ್ತಾ ನಿನಗೆ?"

ಸಂಪತ್ ಅವಳ ಪಕ್ಕ ಕೂರೋಕೆ ಹೋದ. "ಮುಟ್ಟಬೇಡ," ಅಂದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. "ಆಸ್ಪತ್ರೇಲೂ ನೀನೇ ಹೆಸರಿಲ್ಲ ಅಂದೆ. ನಂಗೆ ಕೇಳಿಸ್ತು."

ಆಗ ಹತ್ತಿದ ಗಾಬರಿ ಅವನನ್ನ ಒಂದು ಕಡೆ ನಿಲ್ಲೋಕೆ ಬಿಡಲಿಲ್ಲ. ಲ್ಯಾಪ್‌ಟಾಪಿನ ಕಸದಬುಟ್ಟಿ ಜಾಲಾಡಿದ. ಅದನ್ನೂ ಚೊಕ್ಕವಾಗಿ ಖಾಲಿ ಮಾಡಿದ್ದ ಪುಣ್ಯಾತ್ಮ. ಹಸಿರು ಡಬ್ಬಿ ಎಂದೋ ಖಾಲಿಯಾಗಿತ್ತು. ಕೌನ್ಸಿಲ್ ವೆಬ್‌ಸೈಟಿನಲ್ಲಿ ಅರ್ಜಿ ನಂಬರು ಹಾಕಿದರೆ 'ವಾಪಸ್ ಪಡೆಯಲಾಗಿದೆ' ಅಂತ ಕಂಡಿತು. ಇನ್ನೇನು ಉಳಿದಿರುತ್ತೆ ಅಂತ ಅದರಾಚೆ ನೋಡದೇನೇ ಮುಚ್ಚಿಬಿಟ್ಟ. ಸೋಮವಾರ ಬೆಳಿಗ್ಗೆ ಫಿನೋಲಾಗೆ ಫೋನ್ ಮಾಡಿ ಇದ್ದದ್ದನ್ನ ಇದ್ದ ಹಾಗೆ ಹೇಳಿದ. ಪುಟ್ಟಿ ಅಂದರೆ ಏನು ಅನ್ನೋದನ್ನೂ ಹೇಳಿದ.

"ನೀವು ಹೇಳಿದಿರಿ ಅಂತ ನನ್ನ ಫೈಲಿನಲ್ಲಿ ತೆಗೆದುಬಿಟ್ಟೆನಲ್ಲಪ್ಪ," ಅಂದಳು ಫಿನೋಲಾ. "ಕೌನ್ಸಿಲ್ ಕೌಂಟರಿಗೆ ಹೋಗಿ ಕೇಳಿ. ಕೊಟ್ಟ ಕಾಗದ ಅಲ್ಲಿ ಇದ್ದರೆ ಇದ್ದೀತು."

ಅನನ್ಯಾಳನ್ನ ಸಮ್ಮರ್ ಕ್ಯಾಂಪಿಗೆ ಬಿಟ್ಟು ಇಬ್ಬರೂ ಹೋದರು. ಮಧುಶ್ರೀ ಬರ್ತೀನಿ ಅಂದಿದ್ದೇ ದೊಡ್ಡದು. ಸಂಪತ್ ಮನಸ್ಸಿನಲ್ಲೇ, ಇರಲಿ ದೇವರೇ, ಇನ್ನೇನೂ ಕೇಳಲ್ಲ, ಅದೊಂದು ಹಾಳೆ ಇರಲಿ ಅಂತ ಜಪ ಮಾಡಿಕೊಂಡೇ ಗಾಡಿ ಓಡಿಸಿದ. ಹಾಳೆ ಇಲ್ಲದಿದ್ದರೆ ಹೆಂಡತಿ ತನ್ನ ಕಡೆ ಇನ್ನು ತಿರುಗಲ್ಲ ಅಂತ ಅವನಿಗೆ ಖಾತ್ರಿಯಾಗಿ ಹೋಗಿತ್ತು.

ಕೌಂಟರಿನಲ್ಲಿ ಬೆಳ್ಳಿಕೂದಲಿನ ಒಬ್ಬ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು. ನಂಬರು ನೋಡಿ, "ಇದನ್ನ ನೀವೇ ವಾಪಸ್ ತಗೊಂಡಿದೀರಲ್ಲ," ಅಂದಳು.

"ಹೌದು. ಹಾಗಾದ್ರೆ... ಡ್ರಾಯಿಂಗ್ ಎಸೆದುಬಿಟ್ರಾ?"

"ಎಸೆಯೋದೇ! ಒಂದು ಸಲ ಇಲ್ಲಿಗೆ ಬಂದ ಮೇಲೆ ಯಾರೂ ತೆಗೆಯಂಗಿಲ್ಲ ಕಣಪ್ಪ, ನೀವು ಬೇಡ ಅಂದ್ರೂನೂ. ರಿಜಿಸ್ಟರಲ್ಲಿ ಇದ್ದೇ ಇರುತ್ತೆ."

ರಿಜಿಸ್ಟರ್ ಅನ್ನೋ ಪದ ಕೇಳಿ ಮಧುಶ್ರೀ ಮೊದಲ ಸಲ ತಲೆಯೆತ್ತಿದಳು. ಹೆಂಗಸು ಒಳಗೆ ಹೋಗಿ ಒಂದು ಫೈಲು ತಂದಳು. ಮಡಿಕೆ ಬಿಚ್ಚಿ ಹಾಳೆಯನ್ನ ಕೌಂಟರಿನ ಮೇಲೆ ಹರಡಿದಳು. ಮೇಲೆ ತಾರೀಖಿನ ಸೀಲು, ಕೆಳಗೆ ಮನೆ, ಹಿತ್ತಲು, ಮೆಟ್ಟಿಲು. ಮಧುಶ್ರೀಯ ಬೆರಳು ಗೆರೆ ಗೆರೆ ಹಿಡಿದು ಮೇಲಿನ ಅಂತಸ್ತಿಗೆ ಹೋಗಿ, ಆ ರೂಮಿನ ನಡುವೆ ನಿಂತಿತು. ಇತ್ತು.

"ಇದರ ಕಾಪಿ ಬೇಕಿತ್ತು," ಅಂದ ಸಂಪತ್.

ಹೆಂಗಸು ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಪುಟ್ಟಿ. ಗೋಡೆ ಬಣ್ಣವಾ?"

ಸಂಪತ್ ಹೆಂಡತಿಯ ಮುಖ ನೋಡಿದ. ಅವಳ ಬೆರಳು ಇನ್ನೂ ಆ ರೂಮಿನ ಮೇಲೇ ಇತ್ತು. ಇದು ಅವನೇ ಹೇಳಬೇಕಾದ ಮಾತು.

"ಬಣ್ಣ ಅಲ್ಲ. ಹೆಸರು. ನಮ್ಮ ಎರಡನೇ ಮಗಳು, ಪುಟ್ಟಿ ಅಂತ."

"ಅಯ್ಯೋ, ಎಷ್ಟು ಮುದ್ದಾಗಿದೆ! ಈಗ ಎಷ್ಟು ಪುಟ್ಟಿಗೆ?"

ಸಂಪತ್ ಕೌಂಟರಿನ ಅಂಚು ಹಿಡಿದುಕೊಂಡ. ಅಷ್ಟರಲ್ಲಿ ಪಕ್ಕದಿಂದ ಮಧುಶ್ರೀ ಮೆಲ್ಲಗೆ, ಸ್ಪಷ್ಟವಾಗಿ ಹೇಳಿದಳು.

"ಇಪ್ಪತ್ತೊಂದು ವಾರ."

ಹೆಂಗಸು ನಗುಮುಖದಲ್ಲೇ ಒಂದು ಗಳಿಗೆ ಅವರಿಬ್ಬರನ್ನೂ ನೋಡಿದಳು. ಖಾಲಿ ಕೈ, ಕೂಸಿನ ಗಾಡಿಯಿಲ್ಲ, ಚೀಲವಿಲ್ಲ. ಆಮೇಲೆ 'ವಾಪಸ್' ಅಂತ ಬರೆದಿದ್ದ ಫೈಲಿನ ಕಡೆ ನೋಡಿದಳು. ಹಾಳೆ ಎತ್ತಿಕೊಂಡು ಒಳಗೆ ಹೋದಳು. ಒಂದು ಕಾಪಿ ತೆಗೆದು, ಬೆಳಕಿಗೆ ಹಿಡಿದು, ಅಕ್ಷರ ಮಸುಕಾಗಿದೆ ಅಂತ ಪಕ್ಕಕ್ಕಿಟ್ಟು ಇನ್ನೊಂದು ತೆಗೆದಳು. ಅದನ್ನ ಗಟ್ಟಿ ರಟ್ಟಿನ ಲಕೋಟೆಗೆ ಹಾಕಿ ಎರಡೂ ಕೈಯಿಂದ ಮಧುಶ್ರೀಗೆ ಕೊಟ್ಟಳು.

"ಮಡಿಸಬೇಡಮ್ಮ," ಅಂದಳು. "ಮತ್ತೆ ಯಾವಾಗ ಬೇಕಾದ್ರೂ ಬಂದು ನೋಡು. ಇಲ್ಲೇ ಇರ್ತಾಳೆ."

ಕಾರಿನ ಹತ್ತಿರ ಸಂಪತ್ ಹಿಂದಿನ ಬಾಗಿಲು ತೆಗೆದು ಲಕೋಟೆಗೆ ಕೈಚಾಚಿದ. ಮಧುಶ್ರೀ ಕೊಡಲಿಲ್ಲ. ಮುಂದೆ ಕೂತು, ತೊಡೆ ಮೇಲೆ ಇಟ್ಟುಕೊಂಡು, ಅದರ ಮೇಲಿಂದಲೇ ಸೀಟ್ ಬೆಲ್ಟ್ ಹಾಕಿಕೊಂಡಳು. ಸಂಪತ್ ಕೀಲಿ ತಿರುಗಿಸದೆ ಸ್ಟೀರಿಂಗಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ, ಅವಳ ಎದುರಿಗೆ ಮೊದಲ ಸಲ. ಅವಳು ಒಂದು ಕೈಯನ್ನ ಲಕೋಟೆ ಮೇಲೇ ಬಿಟ್ಟು, ಇನ್ನೊಂದನ್ನ ಅವನ ಬೆನ್ನ ಮೇಲೆ ಇಟ್ಟಳು.

"ನಿಧಾನಕ್ಕೆ ಓಡಿಸು," ಅಂದಳು. "ಪುಟ್ಟಿ ಇದಾಳೆ."