ಮುಳುಗಿಸಿಟ್ಟ ದೋಣಿ

ಚಂದ್ರಶೇಖರಪ್ಪ ಸುಳ್ಳು ಹೇಳುವವನಲ್ಲ ಎಂದು ನಮ್ಮ ಸುತ್ತಿನ ಹತ್ತು ಹಳ್ಳಿಯವರು ನಂಬಿದ್ದಾರೆ. ಚಂದ್ರಶೇಖರಪ್ಪ ಅಂದರೆ ನಾನೇ. ಮೂವತ್ತನಾಲ್ಕು ವರ್ಷ ಸರ್ವೇ ಇಲಾಖೆಯಲ್ಲಿದ್ದು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಗದ್ದೆಗಳನ್ನು ಸರಪಳಿ ಎಳೆದು ಅಳೆದವನು. ನಿವೃತ್ತನಾಗಿ ಊರಿಗೆ ಬಂದ ಮೇಲೂ ಬದುವಿನ ಜಗಳ ಎದ್ದರೆ ಜನ ಕೋರ್ಟಿಗೆ ಹೋಗುವ ಮೊದಲು ನನ್ನ ಜಗುಲಿಗೆ ಬರುತ್ತಾರೆ. "ಗೌಡ್ರು ಹೇಳಿದ ಮ್ಯಾಲೆ ಮುಗೀತು" ಅನ್ನುತ್ತಾರೆ. ಈ ಮಾತನ್ನು ಕೇಳಿ ಕೇಳಿ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು.

ನಮ್ಮೂರ ಹಿರೇಕೆರೆಯಲ್ಲಿ ಮರದ ದೋಣಿ ಅಂತ ಉಳಿದಿದ್ದದ್ದು ಒಂದೇ, ಅಂಬಿಗರ ಗುತ್ಯಪ್ಪನದು. ಒಂದೇ ಹೊನ್ನೆ ಮರದ ಬೊಡ್ಡೆಯನ್ನು ತೋಡಿ ಅವನ ಅಜ್ಜ ಮಾಡಿದ್ದು. ಉದ್ದ ಹದಿನೆಂಟೂಕಾಲು ಅಡಿ. ನಾನೇ ಟೇಪು ಹಿಡಿದಿದ್ದೇನೆ. ರಸ್ತೆಯಿಲ್ಲದ ಕಾಲದಲ್ಲಿ ತಾಳಗುಂದದ ಕಡೆಯಿಂದ ಬರುವವರು ಕೆರೆ ದಾಟುತ್ತಿದ್ದದ್ದು ಅದರಲ್ಲಿ. ಗುತ್ಯಪ್ಪನ ಹೆಂಡತಿ ಬಂಗಾರಮ್ಮ ಮದುವಣಗಿತ್ತಿಯಾಗಿ ಬಂದದ್ದು ಅದರಲ್ಲಿ. ನಾನು ಹುಟ್ಟುವ ದಿನ ಆಚೆ ದಡದ ಸೂಲಗಿತ್ತಿಯನ್ನು ಕರೆತಂದದ್ದೂ ಅದರಲ್ಲೇ ಎಂದು ಅವ್ವ ಹೇಳುತ್ತಿದ್ದಳು. ಈಗ ಮೀನಿನ ಗುತ್ತಿಗೆಯವರು ಫೈಬರ್ ದೋಣಿ ತಂದಿದ್ದಾರೆ. ಹಳೆಯ ದೋಣಿಗೆ ವರ್ಷಕ್ಕೊಂದೇ ಕೆಲಸ: ಕೆರೆ ಕೋಡಿ ಬಿದ್ದಾಗ ಮುತ್ತೈದೆಯರನ್ನೂ ಬಾಗಿನದ ಮೊರಗಳನ್ನೂ ತೂಬಿನ ಕಲ್ಲಿನವರೆಗೆ ಒಯ್ಯುವುದು.

ಅಷ್ಟು ಹಳೆಯ ಮರ ಹೇಗೆ ಉಳಿಯಿತು ಅಂದರೆ, ಮುಳುಗಿಸಿಟ್ಟು ಉಳಿಸಿದ್ದರು. ಮಾಘ ಕಳೆಯುತ್ತಲೇ ಗುತ್ಯಪ್ಪ ದೋಣಿಯನ್ನು ತೂಬಿನ ಕಲ್ಲಿನ ಪಕ್ಕದ ಮಡುವಿಗೆ ಒಯ್ದು, ಅದರೊಳಗೆ ಆರು ಕಲ್ಲು ಹೇರಿ, ನೀರು ತುಂಬಿಸಿ ಮುಳುಗಿಸುತ್ತಿದ್ದ. ಎಂಥ ಬೇಸಿಗೆಯಲ್ಲೂ ಆ ಮಡು ಬತ್ತುವುದಿಲ್ಲ. ಮಳೆ ಹಿಡಿದ ಮೇಲೆ ಮತ್ತೆ ಮುಳುಗು ಹಾಕಿ ಕಲ್ಲು ತೆಗೆದು ಎತ್ತುತ್ತಿದ್ದ. ಆ ಆರು ಕಲ್ಲುಗಳೂ ಅವನ ಅಜ್ಜನ ಕಾಲದವು. ದೋಣಿ ಮೇಲಿದ್ದಾಗ ಏರಿಯ ಹೊಂಗೆ ಮರದ ಬುಡದಲ್ಲಿರುತ್ತಿದ್ದವು. "ನೀರು ಕುಡ್ದ ಮರ ಗೌಡ್ರೆ, ಬಿಸಿಲಿಗೆ ಬಿದ್ರೆ ಸಿಡಿತೈತಿ" ಎಂದು ಪ್ರತಿ ವರ್ಷ ಹೇಳುತ್ತಿದ್ದ, ನಾನು ಕೇಳದಿದ್ದರೂ.

ಹೋದ ವರ್ಷ ಮಾಘದಲ್ಲಿ ಗುತ್ಯಪ್ಪ ಏರಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆ ಮುರಿದುಕೊಂಡ. ಮಗಳು ನಾಗವೇಣಿಯನ್ನು ಕುಪ್ಪಗಡ್ಡೆಗೆ ಕೊಟ್ಟಿದ್ದಾರೆ. ಆಪರೇಷನ್ ಆದ ಮೇಲೆ ಅಪ್ಪ ಅವ್ವ ಇಬ್ಬರನ್ನೂ ಅವಳೇ ಕರೆದುಕೊಂಡು ಹೋದಳು. ಕಾರು ಹೊರಡುವಾಗ ಗುತ್ಯಪ್ಪ ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದ.

"ದೋಣಿ ದಡದ ಮ್ಯಾಲೈತಿ ಗೌಡ್ರೆ. ಹುಡುಗ್ರನ್ನ ಇಳಿಸಿ ಮುಳುಗಿಸಿಬಿಡ್ರಿ. ನಿಮ್ಮನ್ನ ಬಿಟ್ಟು ಇನ್ನ್ಯಾರಿಗೂ ಹೇಳಲ್ಲ ನಾನು."

"ನಾಳೆನೇ ಮುಳುಗಿಸ್ತೀನಿ. ನೀ ಆರಾಮಾಗು ಹೋಗು" ಅಂದೆ.

ಮರುದಿನ ಲೋಕೇಶ ಬಂದ. ಪಂಚಾಯ್ತಿ ಮೆಂಬರು, ಕೆಟ್ಟವನಲ್ಲ, ಊರಿಗೆ ಏನಾದರೂ ಮಾಡಬೇಕೆಂಬ ಹುಮ್ಮಸ್ಸಿನವನು. ಕೆಟ್ಟವರಿಂದ ಆಗುವ ಹಾನಿಗಿಂತ ಇಂಥ ಹುಮ್ಮಸ್ಸಿನವರಿಂದ ಆಗುವುದೇ ಹೆಚ್ಚು ಎಂದು ಈಗ ನನಗನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಅವನ ಲೆಕ್ಕ ಹೀಗಿತ್ತು: ಏರಿಯ ಮೇಲೆ ತಗಡಿನ ಮಾಡು, ಎರಡು ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ದೋಣಿ, ಪಕ್ಕದಲ್ಲಿ ಅದರ ಕತೆ ಬರೆದ ಬೋರ್ಡು; ಶ್ರಾವಣದಲ್ಲಿ ಕೆರೆ ತುಂಬಿದಾಗ ದೋಣಿ ಹಬ್ಬ. ಹಬ್ಬದ ಸಮಿತಿಗೆ ನಾನು ಅಧ್ಯಕ್ಷ.

"ನೂರು ವರ್ಷದ ದೋಣೀನ ಕೆಸರಾಗೆ ಹೂತಿಟ್ರೆ ಯಾರಿಗೆ ಕಾಣ್ತೈತ್ರೀ? ಕುಬಟೂರಿನ ಗುಡಿ ನೋಡಾಕೆ ಬರೋರು ಇಲ್ಲಿಗೂ ಬರ್ತಾರೆ. ಗುತ್ಯಪ್ಪಜ್ಜ ಏನಂತಾನೋ?" ಅಂದ.

ಮಾತು ಸರಿ ಅನ್ನಿಸಿತು. ಅಧ್ಯಕ್ಷ ಅನ್ನುವ ಪದವೂ ಕಿವಿಗೆ ಹಿತವಾಗಿತ್ತು. "ನಾನು ಕೇಳೀನಿ. ಒಪ್ಪಿದ್ದಾನೆ" ಅಂದೆ. ನನ್ನ ಬಾಯಿಂದ ಬಂದದ್ದನ್ನು ಯಾರು ಎರಡನೇ ಸಲ ಕೇಳುತ್ತಾರೆ? ವಾರದೊಳಗೆ ಮಾಡು ಎದ್ದಿತು.

ಎಂಟು ದಿನಕ್ಕೊಮ್ಮೆ ಕುಪ್ಪಗಡ್ಡೆಯಿಂದ ಫೋನು ಬರುತ್ತಿತ್ತು. ಕಾಲಿನ ಸುದ್ದಿ, ಮೊಮ್ಮಕ್ಕಳ ಸುದ್ದಿ ಎಲ್ಲ ಮುಗಿದ ಮೇಲೆ ಕೊನೆಗೆ ಒಂದೇ ಪ್ರಶ್ನೆ: "ದೋಣಿ ನೀರೊಳಗೈತಾ ಗೌಡ್ರೆ?"

"ಐತಿ" ಅನ್ನುತ್ತಿದ್ದೆ.

ಮೊದಲ ಸಲ, ಮಂಚದ ಮೇಲಿರುವವನಿಗೆ ಯಾಕೆ ಚಿಂತೆ ಹಚ್ಚುವುದು ಎಂದು ಹೇಳಿದೆ. ಎರಡನೇ ಸಲ, ಮೊದಲ ಸಲ ಹೇಳಿದ್ದಕ್ಕಾಗಿ ಹೇಳಿದೆ. ಮೂರನೇ ಸಲದಿಂದ ಹೇಳಲು ಕಷ್ಟವೇ ಆಗಲಿಲ್ಲ. ಊರಲ್ಲಿ ಬೇರೆ ಯಾರನ್ನಾದರೂ ಕೇಳಿದ್ದರೆ ಗುತ್ಯಪ್ಪನಿಗೆ ನಿಜ ಗೊತ್ತಾಗುತ್ತಿತ್ತು. ಅವನು ಕೇಳಲಿಲ್ಲ. ಕೇಳಿದರೆ ನನ್ನನ್ನು ನಂಬದ ಹಾಗಾಗುತ್ತದೆ ಎಂದುಕೊಂಡಿದ್ದನಂತೆ. ಇದನ್ನು ಬಂಗಾರಮ್ಮ ಆಮೇಲೆ ನನ್ನ ಮುಖಕ್ಕೇ ಹೇಳಿದಳು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಾಡಿನ ನೆರಳಲ್ಲಿ ಕೂತು ಬೋರ್ಡಿಗೆ ಬರೆಯುತ್ತಿದ್ದೆ. ಫಟ್ ಎಂದು ಸದ್ದಾಯಿತು. ಎದ್ದು ನೋಡಿದರೆ ಮೂತಿಯಿಂದ ನಡುವಿನ ತನಕ ದೋಣಿ ಸೀಳು ಬಿಟ್ಟಿತ್ತು. ಕಿರುಬೆರಳು ತೂರುವಷ್ಟು. ಮೇಲೆ ಕಾದ ತಗಡು, ಕೆಳಗೆ ಒಣಗಾಳಿ. ಮತ್ತೊಂದು ವಾರಕ್ಕೆ ಸೀಳುಗಳು ಮೂರಾದವು. ಆವತ್ತೇ ನೀರಿಗೆ ಹಾಕಿದ್ದರೆ ಮರ ಉಬ್ಬಿ ಅಷ್ಟೋ ಇಷ್ಟೋ ಕೂಡಿಕೊಳ್ಳುತ್ತಿತ್ತೇನೋ. ಆದರೆ ಹಬ್ಬದ ಕರೆಯೋಲೆ ಅಚ್ಚಿಗೆ ಹೋಗಿತ್ತು, ನನ್ನ ಹೆಸರು ಎಲ್ಲರಿಗಿಂತ ಮೇಲಿತ್ತು. ಲೋಕೇಶ ಸೀಳುಗಳಿಗೆ ಪುಟ್ಟಿ ಮೆತ್ತಿಸಿ, ಹೊರಮೈಗೆ ನೀಲಿ ಬಣ್ಣ ಹೊಡೆಸಿದ. ದೋಣಿ ಹೊಸದರ ಹಾಗೆ ಹೊಳೆಯಿತು. ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ನಾನೂ ಒಂದೆರಡರಲ್ಲಿ ಇದ್ದೇನೆ.

ಶ್ರಾವಣದಲ್ಲಿ ಕೆರೆ ತುಂಬಿತು. ಹಬ್ಬದ ಬೆಳಿಗ್ಗೆ ಗುತ್ಯಪ್ಪ ಕೋಲೂರಿಕೊಂಡು, ಬಂಗಾರಮ್ಮನ ಹೆಗಲು ಹಿಡಿದುಕೊಂಡು ಬಂದ. ಮೈ ಇಳಿದುಹೋಗಿತ್ತು. ದೋಣಿಯನ್ನು ಆಗಲೇ ನೀರಿನ ಅಂಚಿಗೆ ತಂದು, ಹೂವು ಸುತ್ತಿ, ಹಗ್ಗ ಕಟ್ಟಿ ನಿಲ್ಲಿಸಿದ್ದರು. ಅವನು ಬಗ್ಗಿ, ಬಣ್ಣ ತಾಗದ ಒಳಮೈಯ ಮೇಲೆ ಅಂಗೈ ಇಟ್ಟ. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದ. ಹಸಿ ಮರಕ್ಕೂ ಒಣ ಮರಕ್ಕೂ ಇರುವ ಸದ್ದಿನ ವ್ಯತ್ಯಾಸ ನನಗೂ ಗೊತ್ತು.

ಅಷ್ಟರಲ್ಲಿ ಲೋಕೇಶ ಮೈಕಿನಲ್ಲಿ ಶುರು ಮಾಡಿದ್ದ. ಗುತ್ಯಪ್ಪಜ್ಜನ ದೊಡ್ಡ ಮನಸ್ಸು, ಗೌಡರು ಒಂದು ಮಾತು ಕೇಳಿದ್ದಕ್ಕೆ ಆರು ತಿಂಗಳು ದೋಣಿಯನ್ನು ಮಾಡಿನೊಳಗೆ ಇಡಲು ಒಪ್ಪಿದ, ಇತ್ಯಾದಿ. "ಹೌದಲ್ಲೇನಜ್ಜಾ?" ಎಂದು ಮೈಕನ್ನು ಅವನ ಬಾಯಿಗೇ ಹಿಡಿದ.

ಗುತ್ಯಪ್ಪ ನನ್ನನ್ನು ನೋಡಿದ. ನೂರಿನ್ನೂರು ಜನ ಅವನನ್ನು ನೋಡುತ್ತಿದ್ದರು. ಬಂಗಾರಮ್ಮ "ಯಾವಾಗ ಒಪ್ಪಿದ್ರು ಇವ್ರು..." ಎಂದು ಬಾಯಿ ತೆರೆದಳು.

"ನೀ ಸುಮ್ಕಿರು" ಅಂದ ಗುತ್ಯಪ್ಪ. ಆಮೇಲೆ ಮೈಕಿಗೆ ಹೇಳಿದ: "ಹೌದು. ಗೌಡ್ರು ಹೇಳಿದ ಮ್ಯಾಲೆ ಮುಗೀತು."

ಜನ ಚಪ್ಪಾಳೆ ತಟ್ಟಿದರು. ನನಗೆ ಜೀವ ಬಂದಂತಾಯಿತು. ನಾಚಿಕೆಯಾಗಬೇಕಿತ್ತು, ಆದರೆ ಮೊದಲು ಬಂದದ್ದು ಸಮಾಧಾನವೇ.

ಗುತ್ಯಪ್ಪ ಇಬ್ಬರು ಹುಡುಗರನ್ನು ಕರೆದು ಹೊಂಗೆ ಮರದ ಬುಡದ ಕಲ್ಲುಗಳನ್ನು ದೋಣಿಗೆ ಹಾಕಿಸಿದ. "ಕಲ್ಲು ಯಾಕಜ್ಜಾ?" ಎಂದು ಲೋಕೇಶ ಕೇಳಿದ್ದಕ್ಕೆ, "ಒಣಗಿ ಹಗುರಾಗೈತಿ. ಭಾರ ಇಲ್ದಿದ್ರೆ ಮಗುಚತೈತಿ" ಅಂದ. ಬಾಗಿನದ ಮೊರ ಹಿಡಿದು ಮುಂದೆ ಬಂದ ಮುತ್ತೈದೆಯರನ್ನು ತಡೆದ. "ಈ ಸಲ ಯಾರೂ ಹತ್ಬ್ಯಾಡ್ರವ್ವ. ಮೊರ ಅಷ್ಟೇ ಕೊಡ್ರಿ." ಪ್ರತಿ ವರ್ಷದ ಹಾಗೆ ಹತ್ತಲು ಬಂಗಾರಮ್ಮ ಸೀರೆ ಎತ್ತಿ ಕಟ್ಟಿದ್ದಳು. "ನೀನೂ ಬ್ಯಾಡ" ಅಂದ. ಅವಳು ದೋಣಿಯೊಳಗೆ ನೋಡಿದಳು. ಕಲ್ಲು ಎಣಿಸಿದಳು. ಆರಿದ್ದವು. ಏರಿಯ ಮೇಲೆ ಕುಕ್ಕರಿಸಿದಳು.

"ಆ ಕಾಲಲ್ಲಿ ಒಬ್ನೇ ಹೋಗ್ತೀಯಾ?" ಎಂದೆ. ಆ ದಿನ ಅವನೊಂದಿಗೆ ನಾನಾಡಿದ ಮೊದಲ ಮಾತು ಅದು.

"ನೀರಾಗೆ ಕಾಲು ನೋಯಲ್ಲ ಗೌಡ್ರೆ."

ಅವನು ಹುಟ್ಟು ಹಾಕುತ್ತ ಹೋದ. ಬ್ಯಾಂಡಿನವರು ಬಾರಿಸಿದರು. ಅರ್ಧ ದಾರಿಗೇ ನೀಲಿ ಬಣ್ಣದ ಪಟ್ಟಿ ಕಿರಿದಾಗುತ್ತ ಬಂದದ್ದನ್ನು ಕಂಡೆ. ಅಳೆಯುವವನ ಕಣ್ಣು, ಮೊದಲು ಒಂದು ಗೇಣು, ಆಮೇಲೆ ನಾಲ್ಕು ಬೆರಳು, ಆಮೇಲೆ ಎರಡು. ನಾನು ಕೂಗಲಿಲ್ಲ. ತೂಬಿನ ಕಲ್ಲು ಮುಟ್ಟಿದ ಗುತ್ಯಪ್ಪ ಮೊರಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟ, ಕೈ ಮುಗಿದ. ಆಮೇಲೆ ಅಂಚಿನ ಮೇಲೆ ಎರಡೂ ಕೈಯಿಟ್ಟು ಮೆಲ್ಲಗೆ ಒತ್ತಿದ. ದೋಣಿ ಮಗುಚಲಿಲ್ಲ, ಹಾಗೇ ಕೂತಂತೆ ಕೆಳಗಿಳಿಯಿತು. ಇದೂ ಹಬ್ಬದ ಒಂದು ಆಟ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಹೂವಿನ ಸರ ಮಾತ್ರ ನೀರಿನ ಮೇಲೆ ಉಳಿದಾಗ ಯಾರೋ ಹೆಂಗಸು ಚೀರಿದಳು.

ಗುತ್ತಿಗೆಯವರ ಫೈಬರ್ ದೋಣಿ ಹೋಗಿ, ಕುತ್ತಿಗೆಮಟ್ಟ ನೀರಿನಲ್ಲಿ ತೂಬಿನ ಕಲ್ಲು ತಬ್ಬಿಕೊಂಡಿದ್ದ ಅವನನ್ನು ಎಳೆದು ತಂದಿತು. ಬಂಗಾರಮ್ಮ ಸೆರಗಿನಿಂದ ತಲೆ ಒರೆಸುತ್ತಿದ್ದಳು. ಅವನು ಗಡಗಡ ನಡುಗುತ್ತಿದ್ದ. ನಾನು ಹತ್ತಿರ ಕೂತೆ. ನನಗಷ್ಟೇ ಕೇಳುವಂತೆ ಅವನೆಂದ:

"ಮುಳುಗಿಸೀನಿ ಗೌಡ್ರೆ. ಫೋನಿನಾಗೆ ನೀವು ಹೇಳಿದ್ದು ಸುಳ್ಳಾಗ್ಲಿಲ್ಲ ಬಿಡ್ರಿ."

"ಬ್ಯಾಸಿಗ್ಯಾಗೆ ಎತ್ತೋಣ ಗುತ್ಯಪ್ಪ" ಎಂದೆ.

"ಇಲ್ರೀ. ಅದು ಇಬ್ಭಾಗ ಆಗೈತಿ. ಅಲ್ಲೇ ಇರ್ಲಿ."

ಲೋಕೇಶ ಕೂಗಾಡಿದ. ಬೇಕಂತಲೇ ಮುಳುಗಿಸಿದ, ಕೊಟ್ಟು ಕಸಿದುಕೊಂಡ, ಊರಿನ ಮಾನ ತೆಗೆದ ಎಂದ. ಯಾರೋ "ಅರವತ್ತಕ್ಕೆ ಅರಳುಮರಳು, ಇವನಿಗೆ ಎಪ್ಪತ್ತೆಂಟು" ಅಂದರು. ಎಲ್ಲರೂ ಹೌದು ಹೌದು ಎಂದು ನನ್ನತ್ತ ತಿರುಗಿದರು, ಕೊನೆಯ ಮಾತು ನನ್ನದಲ್ಲವೇ ಎಂದು. ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮುದುಕ ನನ್ನ ಮಾತು ಉಳಿಸಲು ಅಜ್ಜನ ದೋಣಿಯನ್ನು ಕೊಟ್ಟಿದ್ದ. ಅವನ ಮರ್ಯಾದೆ ಉಳಿಸಲಿಕ್ಕಾದರೂ ನಾನು ಬಾಯಿ ಬಿಡಲಿಲ್ಲ. ಮೈಕಿನ ವೈರು ಸುತ್ತುತ್ತಿದ್ದವರಿಗೆ ದಾರಿ ಬಿಟ್ಟು ಮನೆಗೆ ಬಂದೆ.

ಇವತ್ತಿಗೂ ಊರಿನವರಿಗೆ ಗುತ್ಯಪ್ಪನೆಂದರೆ ದೋಣಿ ಮುಳುಗಿಸಿದ ತಲೆಕೆಟ್ಟ ಮುದುಕ. ಮಾಡು ಖಾಲಿಯಿದೆ, ಎರಡು ಕಟ್ಟೆಗಳ ನಡುವೆ ಕುರಿ ಮಲಗುತ್ತವೆ. ಬೋರ್ಡಿನಲ್ಲಿ ನನ್ನ ಹೆಸರು ಹಾಗೇ ಇದೆ.

ಮೊನ್ನೆ ಕೆರೆ ಕೆಳಗಿನ ಉಜ್ಜಪ್ಪನ ಗದ್ದೆಯ ಬದುವಿಗೆ ಜಗಳವಾಗಿ ನನ್ನನ್ನು ಕರೆದರು. ಅಳೆದೆ, ಗೂಟ ಎಲ್ಲಿ ಎಂದು ತೋರಿಸಿದೆ. ಉಜ್ಜಪ್ಪ ಗೊಣಗಿದಾಗ ಉಳಿದವರು "ಗೌಡ್ರು ಸುಳ್ಳು ಹೇಳ್ತಾರೇನಲೇ?" ಎಂದು ಬೈದರು. ಏರಿಯ ಮೇಲೆ ಗುತ್ಯಪ್ಪ ಕೋಲು ಹಿಡಿದು ಕೂತಿದ್ದ. ಅವನಿಗೂ ಕೇಳಿಸಿತು. ನಾನು ಅವನತ್ತ ನೋಡಿದೆ. ಇಲ್ಲ ಎಂಬಂತೆ ಅವನು ತಲೆಯಾಡಿಸಿದ. ಗೌಡರು ಸುಳ್ಳು ಹೇಳುವುದಿಲ್ಲ ಎಂದು.