ಹಸೀನಾಬಿ ತನ್ನ ಗಂಡನಿಗೆ ಹೆಣ್ಣು ನೋಡಲು ಹೋದಳು

ಡಂಬಳದ ಹಸೀನಾಬಿಗೆ ಗರ್ಭಚೀಲದ ಆಪರೇಷನ್ ಆದಾಗ ಮೂವತ್ತೆಂಟು ವರ್ಷ. ಒಳಗೆ ಗಡ್ಡೆಯಾಗಿ ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು. ಡಾಕ್ಟರು ಚೀಲದ ಜೊತೆ ಅಂಡಾಶಯಗಳನ್ನೂ ತೆಗೆದರು. ಬೇನೆ ಹೋಯಿತು, ಮೈಗೆ ಶಕ್ತಿ ಬಂತು. ಹೊಲಿಗೆ ಬಿಚ್ಚಿದ ದಿನ ಅವಳು ಎರಡೇ ಮಾತು ಕೇಳಿದಳು: ಖಾರ ಯಾವಾಗಿಂದ ತಿನ್ನಬಹುದು, ತುಂಬಿದ ಕೊಡ ಯಾವಾಗಿಂದ ಎತ್ತಬಹುದು. ಗಂಡ ಹೆಂಡಿರ ಸಂಗತಿಯನ್ನು ಅವಳು ಕೇಳಲಿಲ್ಲ, ಅಲ್ಲಿ ಯಾರೂ ಹೇಳಲಿಲ್ಲ.

ಅವಳ ಗಂಡ ಲಾಡಸಾಬ ಹತ್ತಿ ಹಿಂಜಿ ಗಾದಿ ತುಂಬುವವನು. ಮದುವೆಯ ದಿನಗಳಲ್ಲಿ ಮುಂಡರಗಿ, ಶಿರಹಟ್ಟಿಯಿಂದಲೂ ಅವನಿಗೆ ಕರೆ ಬರುತ್ತಿತ್ತು. ಮಾತು ಕಡಿಮೆ. ಒಬ್ಬಳೇ ಮಗಳು ಮುನ್ನಿಯನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ ಉಳಿದಿದ್ದರು.

ಆಪರೇಷನ್ ಆಗಿ ಮೂರು ತಿಂಗಳಾದ ಮೇಲೆ ಒಮ್ಮೆ ಇಬ್ಬರೂ ಹತ್ತಿರವಾದರು. ಹಸೀನಾಬಿಗೆ ತಡೆಯಲಾರದಷ್ಟು ನೋವಾಯಿತು. ಹಲ್ಲು ಕಚ್ಚಿಕೊಂಡರೂ ಕಣ್ಣಲ್ಲಿ ನೀರು ಬಂದೇ ಬಂತು. ಲಾಡಸಾಬ ಸರಿದು ಕುಳಿತ. ಮರುದಿನ ತನ್ನ ಹಾಸಿಗೆಯನ್ನು ಪಡಸಾಲೆಗೆ ಒಯ್ದ. ಯಾಕೆಂದು ಅವನು ಹೇಳಲಿಲ್ಲ. ಅವಳು ಕೇಳಲಿಲ್ಲ. ಹಾಗೇ ಮೂರು ವರ್ಷ ಕಳೆಯಿತು.

ಅವನು ಬೈಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಅವಳಿಗೆ ಜ್ವರ ಬಂದರೆ ಗುಳಿಗೆ ತರುತ್ತಿದ್ದ. ಆದರೆ ಚಹಾ ಕೊಡುವಾಗ ಬೆರಳು ತಾಗಿದರೆ ಸಾಕು, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಹಸೀನಾಬಿಗೆ ಅದೇ ದೊಡ್ಡ ನೋವು. ಚೀಲ ತೆಗೆಸಿಕೊಂಡ ನಾನು ಇನ್ನು ಇವರಿಗೆ ಹೆಂಡತಿಯಾಗಿ ಉಳಿದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಳು. ಕಡೆಗೆ, ನನ್ನಿಂದ ಅವರ ಬಾಳು ಯಾಕೆ ಹಾಳಾಗಬೇಕು, ನಾನೇ ಮುಂದೆ ನಿಂತು ಇನ್ನೊಂದು ನಿಕಾ ಮಾಡಿಸುತ್ತೇನೆ ಎಂದು ಶಿರಹಟ್ಟಿಯ ಬಸ್ ಹತ್ತಿದಳು.

ಶಿರಹಟ್ಟಿಯಲ್ಲಿ ಗುಲಾಬಬಿ ಎಂಬ ವಿಧವೆ ಕುಪ್ಪಸ ಹೊಲಿದು ಜೀವನ ಮಾಡುತ್ತಿದ್ದಳು. ನಂಟರ ಮದುವೆಯಲ್ಲಿ ಪರಿಚಯವಾದವಳು. ಹಸೀನಾಬಿ ತಾನು ಬಂದ ಕಾರಣ ಹೇಳಿದಾಗ ಗುಲಾಬಬಿ ಹೊಲಿಗೆಯನ್ನು ಬದಿಗಿಟ್ಟು ಪೂರ್ತಿ ಕೇಳಿದಳು.

"ಅಕ್ಕಾ, ಇದು ನಿಮ್ಮವರಿಗೆ ಗೊತ್ತೈತೇನು?"

"ಇಲ್ಲ."

"ಮತ್ತ ಅವರಿಗೆ ಇನ್ನೊಬ್ಬಾಕಿ ಬೇಕು ಅಂತ ನಿಮಗ ಯಾರು ಹೇಳಿದ್ರು?"

ಹಸೀನಾಬಿ ಏಳಲು ಹೋದಳು. ಗುಲಾಬಬಿ ಕೈ ಹಿಡಿದು ಕೂಡಿಸಿದಳು.

"ನನ್ನ ಗಂಡ ಹೋಗಿ ಆರು ವರ್ಷ ಆತು," ಎಂದಳು ಗುಲಾಬಬಿ. "ಏನರ ಕೇಳಬೇಕಂದ್ರ ಅಂವ ಇಲ್ಲ. ನಿಮ್ಮವರು ಮನ್ಯಾಗ ಅದಾರ. ಮೊದಲ ಅವರನ್ನ ಕೇಳ್ರಿ."

ಊಟ ಹಾಕಿ ಬಸ್ಸಿಗೆ ಹತ್ತಿಸಿ ಕಳಿಸಿದಳು.

ಊರಿಗೆ ಬಂದ ಹಸೀನಾಬಿಗೆ ಗಂಡನ ಮುಂದೆ ಬಾಯಿ ಬರಲಿಲ್ಲ. ಮೂರು ದಿನ ಬಿಟ್ಟು ಬೆನ್ನುನೋವಿನ ಗುಳಿಗೆಗೆಂದು ಊರಿನ ನರ್ಸ್ ಭಾಗೀರಥಿಬಾಯಿಯ ಹತ್ತಿರ ಹೋದವಳು ಅಲ್ಲಿ ಅತ್ತುಬಿಟ್ಟಳು. ಭಾಗೀರಥಿಬಾಯಿ ಬಾಗಿಲು ಮುಂದೆ ಮಾಡಿ ಎಲ್ಲವನ್ನೂ ಕೇಳಿದರು. ಇದಕ್ಕೆ ಗದಗಿನಲ್ಲಿ ಒಬ್ಬ ಡಾಕ್ಟರಿದ್ದಾರೆ ಎಂದರು.

"ಇಂಥಾದಕ್ಕೂ ಡಾಕ್ಟರ ಇರ್ತಾರೇನ್ರಿ ಬಾಯಾರ?"

"ಇರ್ತಾರ. ಲೈಂಗಿಕ ಚಿಕಿತ್ಸೆ ಅಂತಾರ ಅದಕ್ಕ. ಏನೇನೋ ಮಾಡಸ್ತಾರ ಅಂತ ಹೆದರಬ್ಯಾಡ. ಅಲ್ಲಿ ಕುಂಡ್ರಿಸಿ ಮಾತಾಡಸ್ತಾರ. ಮೈ ತಪಾಸಣಿ ಬೇಕಾದ್ರ ಹೆಣ್ಣು ಡಾಕ್ಟರ ಬ್ಯಾರೆ ಮಾಡ್ತಾರ. ಅಲ್ಲಿ ಆಡಿದ ಮಾತು ಹೊರಗ ಬರೂದಿಲ್ಲ."

ಆ ಸಂಜೆ ಹಸೀನಾಬಿ ಗಂಡನಿಗೆ ಶಿರಹಟ್ಟಿಗೆ ಹೋದದ್ದರಿಂದ ಹಿಡಿದು ಎಲ್ಲ ಹೇಳಿದಳು. ಲಾಡಸಾಬ ಉಣ್ಣುತ್ತಿದ್ದವನು ತಾಟಿನಲ್ಲೇ ಕೈ ತೊಳೆದ. ಇನ್ನೊಬ್ಬಳು ಬೇಕೆಂದು ನಾನು ಯಾವತ್ತು ನಿನ್ನನ್ನು ಕೇಳಿದ್ದೆ ಎಂದಷ್ಟೇ ಅಂದ. ಗದಗಿಗೆ ಬರಲು ಮಾತ್ರ ಒಪ್ಪಲಿಲ್ಲ. ಮನೆಯ ಮಾತನ್ನು ಪರರ ಮುಂದೆ ಆಡಿ ಊರಲ್ಲಿ ಹೇಗೆ ಮುಖ ತೋರಿಸಲಿ ಎಂದ. ಭಾಗೀರಥಿಬಾಯಿ ಎರಡು ಸಲ ಮನೆಗೆ ಬಂದು ತಿಳಿಸಿ ಹೇಳಿದರು. ಎರಡನೆಯ ಸಲ ಅವರು ಅಂದದ್ದು ಅವನಿಗೆ ನಾಟಿತು. "ಲಾಡಸಾಬ, ನಿನ್ನ ಹೇಣ್ತಿ ಒಬ್ಬಾಕಿನ ಶಿರಹಟ್ಟಿತನಕಾ ಹೋಗಿ ಬಂದಾಳ. ನೀ ಆಕಿ ಜೋಡಿ ಗದಗಿಗಿ ಬರಲಾರಿಯೇನು?"

ಗದಗಿನ ಡಾಕ್ಟರ್ ಶ್ರೀಲಕ್ಷ್ಮೀ ಮೊದಲು ಇಬ್ಬರನ್ನೂ ಬೇರೆ ಬೇರೆ ಮಾತಾಡಿಸಿದರು. ಆಮೇಲೆ ಒಟ್ಟಿಗೆ ಕೂಡಿಸಿ, ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು ಎಂದು ಹೇಳಿ, ಹಾಸಿಗೆ ಪಡಸಾಲೆಗೆ ಯಾಕೆ ಹೋಯಿತೆಂದು ಲಾಡಸಾಬನನ್ನು ಕೇಳಿದರು. ಅವನು ನೆಲ ನೋಡುತ್ತಲೇ ಹೇಳಿದ.

"ಆಕಿ ಕಣ್ಣಾಗ ನೀರು ನೋಡಿದೆರಿ. ನಾ ಗಾದಿ ಹೊಲಿಯಾಂವ, ಹಸಿ ಹೊಲಿಗಿ ಜಗ್ಗಿದ್ರ ಏನಾಗ್ತೈತಿ ನನಗ ಗೊತ್ತು. ಒಳಗ ಬಿಚ್ಚಿಬಿಟ್ರ ಆಕಿ ಉಳಿಯೂದಿಲ್ಲ ಅಂತ ಹೆದರಿದೆ. ಕೈ ತಾಗಿದ್ರೂ ಮನಸ ತಡಿಯೂದಿಲ್ಲ ಅಂತ ದೂರ ಇದ್ದೆ."

ಹಸೀನಾಬಿ ಅವನ ಕಡೆ ತಿರುಗಿದಳು. "ನಾ ನಿಮಗ ಬ್ಯಾಡಾಗೇನಿ ಅಂತ ತಿಳಿದಿದ್ದೆ," ಎಂದಳು.

ಲಾಡಸಾಬ ಹೆಗಲ ಮೇಲಿನ ಟಾವೆಲಿನಿಂದ ಮುಖ ಒರೆಸಿಕೊಂಡ. ಮೂರು ವರ್ಷ ಒಂದೇ ಸೂರಿನ ಕೆಳಗಿದ್ದು ಆಡದ ಮಾತನ್ನು ಅವರು ಆ ಕೋಣೆಯಲ್ಲಿ ಆಡಿದರು.

ಆಮೇಲೆ ಡಾಕ್ಟರು ವಿಷಯ ಬಿಡಿಸಿ ಹೇಳಿದರು. ಗರ್ಭಚೀಲ ಇರುವುದು ಕೂಸು ಬೆಳೆಯಲು. ಅದು ಹೋದರೆ ಹೆಣ್ತನ ಹೋಗುವುದಿಲ್ಲ. ಒಳಗಿನ ಗಾಯ ಮಾಯ್ದು ಎಷ್ಟೋ ಕಾಲವಾಗಿದೆ, ಬಿಚ್ಚುವ ಮಾತೇ ಇಲ್ಲ. ಅಂಡಾಶಯ ತೆಗೆದ ಮೇಲೆ ಒಳಗಿನ ಪಸೆ ಆರುತ್ತದೆ, ನೋವಾದದ್ದು ಅದಕ್ಕೆ. ಅಲ್ಲಿನ ಇನ್ನೊಬ್ಬ ಹೆಣ್ಣು ಡಾಕ್ಟರು ತಪಾಸಣೆ ಮಾಡಿ ಹಚ್ಚಿಕೊಳ್ಳಲು ಮುಲಾಮು ಬರೆದುಕೊಟ್ಟರು. ಆದರೆ ಮುಲಾಮು ಮೈಯ ನೋವನ್ನು ತಗ್ಗಿಸಬಹುದು, ಮನಸ್ಸಿನ ಅಂಜಿಕೆಯನ್ನಲ್ಲ ಎಂದು ಶ್ರೀಲಕ್ಷ್ಮೀ ಒಂದು ಕಟ್ಟಳೆ ಹಾಕಿದರು. ಒಂದು ತಿಂಗಳು ಹಾಸಿಗೆಯಲ್ಲಿ ಕೂಡುವುದು ಬೇಡ. ದಿನಾ ಕಾಲು ತಾಸು ಜೊತೆಗೆ ಕುಳಿತುಕೊಳ್ಳಬೇಕು. ಕೈ ಹಿಡಿಯಬೇಕು, ಅಂಗಾಲಿಗೆ ಎಣ್ಣೆ ಹಚ್ಚಬೇಕು. ಯಾವುದು ಹಿತ, ಯಾವುದು ಬೇಡ, ಬಾಯಿಬಿಟ್ಟು ಹೇಳಬೇಕು. ಸಾಕು ಅಂದರೆ ಅಲ್ಲಿಗೆ ನಿಲ್ಲಿಸಬೇಕು.

ಮೊದಲ ವಾರ ಇಬ್ಬರಿಗೂ ಹೊಸ ಮದುವೆಯವರಷ್ಟು ನಾಚಿಕೆ. ಬರಬರುತ್ತ ಆ ಕಾಲು ತಾಸು ಒಂದು ತಾಸಾಯಿತು. ಎರಡನೆಯ ತಿಂಗಳು ಮತ್ತೆ ನೋವು ಕಾಣಿಸಿದಾಗ ಲಾಡಸಾಬ ಅಂಜಿ, ಇನ್ನು ಇದೆಲ್ಲ ಸಾಕು ಎಂದು ಹಟ ಹಿಡಿದ. ಹಸೀನಾಬಿ ಒಬ್ಬಳೇ ಗದಗಿಗೆ ಹೋಗಿಬಂದಳು. ಸಾವಕಾಶ ನಡೆಯಿರಿ, ನೋವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ, ಇದು ಸೋಲಲ್ಲ ಎಂದು ಡಾಕ್ಟರು ಹೇಳಿಕಳಿಸಿದ್ದರು. ಮುಂದಿನ ಸಲ ಅವನೂ ಜೊತೆಗೆ ಹೋದ. ಒಟ್ಟು ಐದು ತಿಂಗಳು ಹಿಡಿಯಿತು. ಈಗಲೂ ಒಮ್ಮೊಮ್ಮೆ ಅವಳಿಗೆ ತ್ರಾಸಾಗುತ್ತದೆ. ಆಗ ಹೇಳುತ್ತಾಳೆ, ಅವನು ನಿಲ್ಲುತ್ತಾನೆ, ಇಬ್ಬರೂ ಬೇರೆ ಮಾತಿಗೆ ಹೊರಳುತ್ತಾರೆ.

ಊರಿನಲ್ಲಿ ಯಾವ ಹೆಂಗಸಾದರೂ ಈ ಆಪರೇಷನ್ನಿಗೆ ಹೊರಟರೆ ಹಸೀನಾಬಿ ಆಕೆಯ ಮನೆಗೆ ಹೋಗಿ ಬರುತ್ತಾಳೆ. "ಖಾರದ್ದೂ ಕೇಳು, ಕೊಡದ್ದೂ ಕೇಳು. ಗಂಡನ್ನ ಬಾಜೂ ನಿಂದ್ರಿಸಿಕೊಂಡು ಗಂಡ-ಹೇಣ್ತಿ ಸಂಗತೀನೂ ಕೇಳು. ನಾ ಕೇಳಲಿಲ್ಲ, ಮೂರು ವರ್ಷ ಹೋದವು," ಎನ್ನುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಮೌನ ಇರಬಹುದು. ಅದು ಆಪರೇಷನ್ನಿನಿಂದ ಬಂದಿರಬಹುದು, ಸಕ್ಕರೆ ಕಾಯಿಲೆಯಿಂದ, ಹೆರಿಗೆಯಿಂದ, ಹಳೆಯ ಅಂಜಿಕೆಯಿಂದಲೂ ಬಂದಿರಬಹುದು. ಮದುವೆಯಾಗದವರಿಗೂ, ಒಂಟಿಯಾಗಿರುವವರಿಗೂ ಇಂಥ ತೊಂದರೆ ಇರುತ್ತದೆ. ಅವರು ಒಬ್ಬರೇ ಹೋಗಿಯೂ ಸಹಾಯ ಪಡೆಯಬಹುದು. ಗೋಡೆಯ ಮೇಲಿನ ಜಾಹೀರಾತು ನೋಡಿ ಪುಡಿ, ಎಣ್ಣೆ ಕೊಳ್ಳಬೇಡಿ. ನಿಮ್ಮೂರಿನ ನರ್ಸನ್ನೋ ಸರಕಾರಿ ಆಸ್ಪತ್ರೆಯ ಡಾಕ್ಟರನ್ನೋ ಕೇಳಿ. ಓದಿ ತರಬೇತಾದವರು ಎಲ್ಲಿದ್ದಾರೆಂದು ಅವರು ತೋರಿಸುತ್ತಾರೆ. ಅದಕ್ಕಿಂತ ಮೊದಲು ಇವತ್ತೇ, ನಿಮ್ಮ ಪಕ್ಕದಲ್ಲಿರುವವರನ್ನು ಒಮ್ಮೆ ಕೇಳಿ: ನಿಮ್ಮ ಮನಸ್ಸಿನಲ್ಲಿ ಏನಿದೆ?